ಹೆಬ್ಬಳ್ಳಿಯ ಎಸ್ತರ್‌ಬಾಯಿ

ಎಸ್ತರ್‌ಬಾಯಿ ಯಾರ ಮನೆಗೆ ಬಂದರೂ ಮೊದಲು ನೋಡುತ್ತಿದ್ದುದು ಹೆಂಗಸರ ಪಾದಗಳನ್ನು. ಬಸುರಿಯ ಪಾದ ಬಾತಿದ್ದರೆ ಹೆಬ್ಬೆರಳಿನಿಂದ ಒತ್ತಿ ನೋಡುವರು. ಆ ಬಾವು ಬಸುರಿಗೆ ಅಪಾಯದ ಗುರುತು ಎನ್ನುವರು. ಅವರು ಹೆಬ್ಬಳ್ಳಿಯ ಆರೋಗ್ಯ ಕೇಂದ್ರದ ನರ್ಸು. ರವಿವಾರ ಧಾರವಾಡದ ಚರ್ಚಿಗೆ ಹೋಗಿಬಂದು, ಉಟ್ಟ ಸೀರೆಯಲ್ಲೇ ನಮ್ಮ ಓಣಿ ಸುತ್ತುತ್ತಿದ್ದರು.

ಮೂರು ಹೆಣ್ಣುಮಕ್ಕಳ ಮೇಲೆ ಅವ್ವ ಮತ್ತೆ ಬಸುರಾದಾಗ ನನಗೆ ಹತ್ತು ವರ್ಷ. ಅವಳ ಕಾಲು ಊದಿದ್ದವು, ಕಣ್ಣು ಮಂಜಾಗುತ್ತಿದ್ದವು. "ಈ ಸಲ ಗಂಡಽ ಐತಿ, ಎಲ್ಲೂ ಒಯ್ಯಬ್ಯಾಡ್ರಿ" ಎಂದು ಅಪ್ಪನ ತಾಯಿ, ನಮ್ಮ ಆಯಿ, ಬಾಗಿಲಿಗೆ ಅಡ್ಡ ನಿಂತಳು.

"ಗಂಡೋ ಹೆಣ್ಣೋ ಆಮ್ಯಾಲ ನೋಡೋಣು. ಮೊದಲ ಸೊಸಿ ಉಳೀಲಿ. ಸರೀರಿ, ಆಯಿ."

ಎಸ್ತರ್‌ಬಾಯಿ ಅವ್ವನನ್ನು ಹಾಲಿನ ಗಾಡಿಯಲ್ಲಿ ಕೂರಿಸಿಕೊಂಡು ಧಾರವಾಡಕ್ಕೆ ಹೊರಟೇಬಿಟ್ಟರು. ಅವ್ವ ಬದುಕುತ್ತಾಳೋ ಇಲ್ಲವೋ ಎಂದು ನಾವು ಒಲೆ ಹಚ್ಚುವುದನ್ನೂ ಮರೆತು ಕೂತೆವು. ಅವ್ವ ಉಳಿದಳು. ಶಾಂತಾ ಹುಟ್ಟಿದಳು.

ಇನ್ನೊಂದು ಬಸುರು ಬಂದರೆ ಅವ್ವ ಉಳಿಯುವುದಿಲ್ಲವೆಂದರು ಡಾಕ್ಟರು. ಮಕ್ಕಳಾಗದಂತೆ ಮಾಡುವ ಆಪರೇಶನ್ ತಡೆಯುವ ಶಕ್ತಿ ಅವಳಿಗಿರಲಿಲ್ಲ. "ಹಂಗಾರ ನೀವಽ ಮಾಡಿಸ್ಕೋರಿ, ಬಸಣ್ಣಾರ" ಎಂದು ಎಸ್ತರ್‌ಬಾಯಿ ಹೇಳಿದಾಗ ಅಪ್ಪ ಬೆವತುಹೋದರು. ವಾರವೆಲ್ಲ ಊಟ ಸೇರಲಿಲ್ಲ. ಕೊನೆಗೆ ಹೋಗಿ ಮಾಡಿಸಿಕೊಂಡು ಬಂದರು. ಊರ ಗಂಡಸರು ಮುಸಿಮುಸಿ ನಕ್ಕರು. ಎಸ್ತರ್‌ಬಾಯಿ ದಿನಾ ಬಂದು ನಮ್ಮ ಕಟ್ಟೆಯ ಮೇಲೆ, ಎಲ್ಲರಿಗೂ ಕಾಣುವಂತೆ, ಅಪ್ಪನ ಎದುರು ಕೂತು ಚಹಾ ಕುಡಿದರು. "ಇಂಥಾ ಗಂಡಸು ಓಣಿಗೊಬ್ಬ ಇದ್ರ ನನ್ನ ಕೆಲಸ ಲಗೂ ಮುಗೀತಿತ್ತು" ಎಂದು ಜೋರಾಗಿ ಹೇಳುವರು. ನಗು ನಿಂತಿತು.

ಈಗ ನಮ್ಮೂರಲ್ಲಿ ಮನೆಗೆ ಒಂದೋ ಎರಡೋ ಮಕ್ಕಳು. ಪಟ್ಟಣದಲ್ಲಿ ನಾನು ಕಲಿಸುವ ಕಮರಿಪೇಟೆಯ ಶಾಲೆಯಲ್ಲೂ ಒಂದನೇ ಇಯತ್ತೆಯ ಅರ್ಧ ಬೆಂಚು ಖಾಲಿ. ಶಾಂತಾಳಿಗೂ ಒಬ್ಬಳೇ ಮಗಳು. ಆ ಹೆರಿಗೆಯಲ್ಲಿ ಅವಳ ಬೀಪಿ ಏರಿ ನಾವೆಲ್ಲ ನಡುಗಿದ್ದೆವು. ಆದರೂ ಅವಳ ಅತ್ತೆಯದು ಒಂದೇ ಮಾತು: "ನಮ್ಮ ಮಂದಿ ಕಡಿಮಿ ಆಗಾಕತ್ತಾರ, ಇನ್ನೊಂದು ಹಡಿ."

ಹೋದ ವರ್ಷ ಶಾಂತಾಳನ್ನು ನೌಕರಿ ಮುಗಿಸಿ ಪಟ್ಟಣದ ಗೋಕುಲ ರಸ್ತೆಯಲ್ಲಿದ್ದ ಎಸ್ತರ್‌ಬಾಯಿಯ ಮನೆಗೆ ಕರೆದೊಯ್ದೆ. ಅವರು ಬಹಳ ಸೊರಗಿದ್ದರು. ಅತ್ತೆಯ ಮಾತನ್ನು ಅವರಿಗೆ ಹೇಳಿದೆ.

"ಆಗ ಸಾಕು ಮಾಡ್ರಿ ಅಂತ ನಾವು ಬೆನ್ನ ಹತ್ತಿದ್ವಿ. ಈಗ ಹಡೀರಿ ಅಂತ ಮಂದಿ ಬೆನ್ನ ಹತ್ತ್ಯಾರ. ನನಗ ಅಂಜಿಕಿ ಬರತೈತವಾ," ಎಂದರು. ಆಮೇಲೆ ಶಾಂತಾಳ ಕೈ ಹಿಡಿದು, "ನಿನಗೇನ ಬೇಕು?" ಎಂದು ಕೇಳಿದರು.

ಶಾಂತಾ ಅತ್ತುಬಿಟ್ಟಳು. "ಇದನ್ನ ಯಾರೂ ಕೇಳಿರಲಿಲ್ರಿ, ಬಾಯಾರ. ನನಗ ಒಬ್ಬಾಕೀನ ಸಾಕ್ರಿ."

"ಹಂಗಾರ ನಿಮ್ಮತ್ತಿ ಜೋಡಿ ನಾ ಮಾತಾಡತೇನಿ."

ಅದಾಗಲಿಲ್ಲ. ಮಳೆಗಾಲದಲ್ಲಿ ಎಸ್ತರ್‌ಬಾಯಿ ತೀರಿಕೊಂಡರು. ನಿನ್ನೆ ಶಾಂತಾ ಫೋನು ಮಾಡಿದ್ದಳು: "ಅಕ್ಕಾ, ಅತ್ತಿ ಮತ್ತ ಶುರು ಮಾಡ್ಯಾರ. ನೀನಽ ಬಾ."

ನಾಳೆ ಶಾಂತಾಳ ಅತ್ತೆಯ ಮನೆಗೆ ಹೋಗುತ್ತಿದ್ದೇನೆ. ಮೊದಲ ಮಾತು ಹೇಗೆ ತೆಗೆಯಬೇಕೆಂದು ಬೆಳಗಿನಿಂದ ಹುಡುಕುತ್ತಿದ್ದೇನೆ. ಕೇಳೋಣವೆಂದರೆ ಎಸ್ತರ್‌ಬಾಯಿ ಇಲ್ಲ.