ಕೇಳಿ ನೋಡುವುದಕ್ಕೆ ಬಾಡಿಗೆ

ಬೀದಿಯ ತಿರುವಿನಲ್ಲಿ ಸ್ಪೀಕರು, ಆಂಪ್ಲಿಫೈಯರು ಮಾರುತ್ತಿದ್ದವನನ್ನು ಎಲ್ಲರೂ ಸೌಂಡಣ್ಣ ಎಂದೇ ಕರೆಯುತ್ತಿದ್ದರು. ಆಸಾಮಿ ಮಾತ್ರ ಮೆತ್ತಗಿನ ದನಿಯವನು. ಎದುರಿಗೆ ಕೂತವರೂ ಕಿವಿಗೊಟ್ಟು ಕೇಳಬೇಕು. ಅವನಿಗೊಂದು ಹಟವಿತ್ತು. ಅಂಗಡಿಯಲ್ಲಿ ಕೇಳಿದ ಹಾಗೆ ಮನೆಯಲ್ಲಿ ಕೇಳಿಸುವುದಿಲ್ಲ, ಗೋಡೆ, ಪರದೆ, ಹಾಸಿಗೆ ಎಲ್ಲವೂ ದನಿಯನ್ನು ಬದಲಿಸುತ್ತವೆ, ಆದ್ದರಿಂದ ಗಿರಾಕಿ ತನ್ನ ಮನೆಯಲ್ಲೇ ಕೆಲವು ದಿನ ಕೇಳಿ, ಹಿಡಿಸಿದರೆ ಕೊಳ್ಳಲಿ ಎನ್ನುತ್ತಿದ್ದ. ಅದಕ್ಕೆ ಒಂದು ಕಾಸೂ ಮುಟ್ಟುತ್ತಿರಲಿಲ್ಲ. ಭಾಮೈದನನ್ನು ಜೊತೆಗೆ ಹಾಕಿಕೊಂಡು ತಾನೇ ಹೊತ್ತೊಯ್ದು, ತಂತಿ ಜೋಡಿಸಿ ಬರುತ್ತಿದ್ದ.

ವಾಪಸು ಬಂದ ಸ್ಪೀಕರು ಪೆಟ್ಟಿಗೆಗಳು ನೋಡುವಂತಿರುತ್ತಿರಲಿಲ್ಲ. ಒಂದರ ಜಾಲರಿಗೆ ನಾಯಿಕೂದಲು, ಇನ್ನೊಂದರ ಮೇಲೆ ಅಂಟಂಟು ಶರಬತ್ತು, ಮತ್ತೊಂದರ ಹಿಂದಿನ ತೂತಿನೊಳಗೆ ಯಾರೋ ತುರುಕಿದ ಸಿಗರೇಟಿನ ತುಂಡು. ಮನೆಯ ಪಾರ್ಟಿಗೆಂದೇ ಒಯ್ದವರು ಮರುದಿನ ‘ಯಾಕೋ ಹಿಡಿಸಲಿಲ್ಲ’ ಎಂದು ಕೈ ತೊಳೆದುಕೊಳ್ಳುತ್ತಿದ್ದರು. ಸೌಂಡಣ್ಣ ಹಲ್ಲು ಕಚ್ಚಿಕೊಂಡು ಒದ್ದೆ ಬಟ್ಟೆಯಲ್ಲಿ ಒರೆಸುತ್ತ ಕೂರುತ್ತಿದ್ದ.

ಹಲ್ಲಿನ ಡಾಕ್ಟರು ಒಬ್ಬರು ಮೇಲಿನ ಮಹಡಿಯ ತಮ್ಮ ಮನೆಗೆ ಭಾರೀ ಸ್ಪೀಕರಿನ ಜೋಡಿಯೊಂದನ್ನು ತರಿಸಿಕೊಂಡರು. ಲಿಫ್ಟಿನಲ್ಲಿ ಸಾಮಾನು ಹಾಕಬಾರದೆಂದು ಮೆಟ್ಟಿಲ ಮೇಲೆಯೇ ಹೊರಿಸಿದರು. ಹೆಂಡತಿ ಊರಿಂದ ಬರಲಿ, ನನ್ನ ನೆಗಡಿ ವಾಸಿಯಾಗಲಿ ಎಂದು ದಿನ ತಳ್ಳಿ, ಕೊನೆಗೆ ಒಯ್ಯಿರಿ ಎಂದು ಫೋನು ಮಾಡಿದರು. ಹೋಗಿ ನೋಡಿದರೆ ಸ್ಪೀಕರಿನ ತಲೆಯ ಮೇಲೆ ಹೂಕುಂಡ. ಕುಂಡ ಎತ್ತಿದಾಗ ಮರದ ಮೇಲೆ ಬಳೆಯಂಥ ನೀರಿನ ಕಪ್ಪು ಕಲೆ. ಮೂಲೆಯಲ್ಲಿ ಅದೇ ಕಂಪನಿಯ ಅದೇ ಜೋಡಿ, ಹೊಚ್ಚಹೊಸದು. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಕ್ಕಿತಂತೆ.

“ಹೇಗೂ ಬಂದಿದ್ದೀರಲ್ಲ, ಇದನ್ನೂ ಸ್ವಲ್ಪ ಜೋಡಿಸಿಕೊಟ್ಟು ಹೋಗಿ,” ಎಂದರು ಡಾಕ್ಟರು, ಮುಖದ ಒಂದು ಗೆರೆಯೂ ಅಲುಗದೆ.

ಸೌಂಡಣ್ಣ ಜೋಡಿಸಿಕೊಟ್ಟ. ಕೈ ತನ್ನ ಪಾಡಿಗೆ ಕೆಲಸ ಮಾಡಿತು. ಮೆಟ್ಟಿಲಿಳಿಯುವಾಗ ಭಾಮೈದ ಅವನ ಮುಖ ನೋಡದೆ ಇಳಿದ. ನೋಡದೆ ಇದ್ದದ್ದೇ ಮುಖಕ್ಕೆ ಉಗಿದ ಹಾಗಾಯಿತು. ಮನೆಗೆ ಬಂದು ಸೋಪು ಹಾಕಿ ಕೈ ತಿಕ್ಕಿ ತಿಕ್ಕಿ ತೊಳೆದ. ಊಟದ ತಟ್ಟೆ ಆಚೆ ಸರಿಸಿದ.

“ನಿಮಗೆ ಅಸಹ್ಯ ಆಗಿರೋದು ಆ ಡಾಕ್ಟರ ಮೇಲಲ್ಲ ರೀ, ನಿಮ್ಮ ಮೇಲೇ,” ಎಂದಳು ಹೆಂಡತಿ. “ನಾಳೆಯಿಂದ ಬಾಡಿಗೆ ತಗೊಳ್ಳಿ. ಕೊಂಡ್ರೆ ಬೆಲೇಲಿ ಮುರ್ಕೊಳ್ಳಿ, ಇಲ್ಲದಿದ್ರೆ ನಿಮ್ಮ ಬೆವರಿಗಾದ್ರೂ ಆಗುತ್ತೆ.”

ಬೋರ್ಡು ಬರೆಸಿ ತೂಗುಹಾಕಿದ. ಅಣ್ಣನಿಗೆ ಕೊಬ್ಬು ಬಂತು ಎಂದು ಕೆಲವರು ಮೂತಿ ತಿರುವಿದರು. ಪುಕ್ಕಟೆ ಗಿರಾಕಿಗಳು ಉದುರಿಹೋದರು, ಉಸಿರಾಡುವಂತಾಯಿತು. ಆದರೆ ಡಾಕ್ಟರು ಮತ್ತೆ ಬಂದರು. ಈ ಸಲ ನೆಲ ನಡುಗಿಸುವ ದೊಡ್ಡ ವೂಫರ್ ಬೇಕಿತ್ತು. ನಗುನಗುತ್ತಲೇ ಬಾಡಿಗೆ ಕೊಟ್ಟು ಒಯ್ದರು.

ಮಾರನೆಯ ದಿನದಿಂದ ಫೋನು ಶುರುವಾಯಿತು. ಸೋಫಾ ಸರಿಸಿದ್ದೇವೆ, ಪೆಟ್ಟಿಗೆ ಆಚೆ ಇಡಬೇಕು, ಬನ್ನಿ. ಪಕ್ಕದ ಮನೆಯವರು ಜಗಳಕ್ಕೆ ಬಂದಿದ್ದಾರೆ, ನೀವೇ ಬಂದು ಸಮಾಧಾನ ಹೇಳಿ. ಆಗುವುದಿಲ್ಲ ಎಂದು ಸೌಂಡಣ್ಣ ಮೆತ್ತಗೆ ಹೇಳಿದ.

“ದುಡ್ಡು ಕೊಟ್ಟಿಲ್ವೇನ್ರೀ ನಾನು? ಪುಕ್ಕಟೆ ಇದ್ದಾಗ ಇದನ್ನೆಲ್ಲ ಕೇಳಿದ್ನಾ?”

ಸೌಂಡಣ್ಣ ಫೋನು ಇಟ್ಟ. ಮೊದಲು ಜನ ಹಾಳು ಮಾಡಿ ವಾಪಸು ಕೊಡುವಾಗ ಕಣ್ಣು ತಪ್ಪಿಸುತ್ತಿದ್ದರು. ಈಗ ನಾಲ್ಕು ನೋಟು ಕೊಟ್ಟು ಆ ನಾಚಿಕೆಯ ಲೆಕ್ಕವನ್ನೂ ಚುಕ್ತಾ ಮಾಡಿಕೊಂಡಿದ್ದರು. ಅದಕ್ಕೆ ದಾರಿ ಮಾಡಿಕೊಟ್ಟವನು ತಾನೇ.

ಭಾಮೈದನನ್ನು ಕರೆದುಕೊಂಡು ನೇರ ಅಲ್ಲಿಗೇ ಹೋದ. ಡಾಕ್ಟರು ವೂಫರಿನ ಮೇಲೆ ಕಾಲು ಚಾಚಿಕೊಂಡು ಉಗುರು ಕತ್ತರಿಸುತ್ತಿದ್ದರು. ಚೂರುಗಳು ಪೆಟ್ಟಿಗೆಯ ಮೇಲೆಯೇ ಬಿದ್ದಿದ್ದವು.

“ಕಾಲು ತೆಗೀರಿ,” ಎಂದ ಸೌಂಡಣ್ಣ. ಈ ಸಲ ಕಿವಿಗೊಟ್ಟು ಕೇಳಬೇಕಾಗಿರಲಿಲ್ಲ.

ಡಾಕ್ಟರು ತೆಗೆದರು. ಅವನು ಬಾಡಿಗೆ ಹಣವನ್ನು ಮೇಜಿನ ಮೇಲಿಟ್ಟು, ಚೂರುಗಳನ್ನು ಅವರ ನೆಲಕ್ಕೇ ಕೊಡವಿ, ಪೆಟ್ಟಿಗೆ ಎತ್ತಿಸಿಕೊಂಡು ಲಿಫ್ಟಿನಲ್ಲೇ ಇಳಿದ. ಭಾಮೈದ ಕೆಳಗೆ ತಲುಪುವವರೆಗೂ ನಗುತ್ತಿದ್ದ. ಸೌಂಡಣ್ಣನಿಗೆ ನಗು ಬರಲಿಲ್ಲ; ತನ್ನ ಮೇಲಿನ ಅಸಹ್ಯ ಇನ್ನೂ ಹೋಗಿರಲಿಲ್ಲ.

ಅಂದೇ ಬೋರ್ಡು ಇಳಿಸಿದ. ಸಾಮಾನು ಯಾರ ಮನೆಗೂ ಹೋಗುವುದು ನಿಂತಿತು. ವ್ಯಾಪಾರ ಕೆಲವು ತಿಂಗಳು ಕುಂಟಿತು. ಹೆಂಡತಿ ಅಂಗಡಿಯ ಹಿಂದಿನ ಕೋಣೆ ಖಾಲಿ ಮಾಡಿಸಿ, ಮನೆಯ ಹಾಗೆ ದಪ್ಪ ಪರದೆ ಇಳಿಬಿಡಿಸಿ ಎರಡು ಕುರ್ಚಿ ಹಾಕಿಸಿದಳು. ಈಗ ಜನ ಅಲ್ಲಿ ಬಂದು ಕೂತು ಕೇಳುತ್ತಾರೆ. ಕೆಲವರು ಕೊಳ್ಳುತ್ತಾರೆ, ಕೆಲವರು ಸುಮ್ಮನೆ ಎದ್ದು ಹೋಗುತ್ತಾರೆ. ಹಾಗೆ ಎದ್ದು ಹೋಗುವವರ ಮೇಲೆ ಅವನಿಗೆ ಏನೂ ಬೇಸರವಿಲ್ಲ.