ಇಸ್ತ್ರಿ ಪೆಟ್ಟಿಗೆಯ ಮೇಲೆ ಕಾಯಿಲ್

ತವರಿನಲ್ಲಿ ಅವಳು ಇಸ್ತ್ರಿ ಪೆಟ್ಟಿಗೆಗೆ ಕೆಂಡ ತುಂಬುತ್ತಿದ್ದ ಒಂದು ಮಧ್ಯಾಹ್ನ, ಸಂಬಂಧ ಹಿಡಿದುಕೊಂಡು ಬಂದ ಚಿಕ್ಕಮ್ಮ ಬಾಗಿಲಲ್ಲೇ ಧ್ವನಿ ತಗ್ಗಿಸಿದಳು.

"ಹುಡುಗ ಚಿನ್ನದಂಥವನು. ಬಟ್ಟೆ ಒಗೆಯೋ ಸ್ವಂತ ಅಂಗಡಿ ಇದೆ. ಆದ್ರೆ ಮನೇಲಿ ಒಬ್ಬ ಅಕ್ಕ ಇದ್ದಾಳೆ ನೋಡು, ಮದುವೆ ಬೇಡ ಅಂತ ಕೂತವಳು. ಅಪ್ಪನ ಹಳೇ ಫಟಫಟಿ ಓಡಿಸ್ತಾಳಂತೆ. ಎರಡೂ ಕಡೆ ಕಾಲು ಹಾಕ್ಕೊಂಡು!"

"ಮತ್ತೆ ಒಂದೇ ಕಡೆ ಕಾಲು ಹಾಕ್ಕೊಂಡು ಓಡ್ಸೋಕಾಗತ್ತಾ ಚಿಕ್ಕಮ್ಮ?"

ತಾಯಿ ಕೈಯಲ್ಲಿದ್ದ ಒದ್ದೆ ಬಟ್ಟೆಯಿಂದಲೇ ಮಗಳ ಬೆನ್ನಿಗೊಂದು ಬಿಟ್ಟಳು. ಮದುವೆ ಮಾತ್ರ ನಿಲ್ಲಲಿಲ್ಲ.

ಸೊಸೆಯಾಗಿ ಬಂದ ಮನೆಯಲ್ಲಿ ಮುಂದೆ ಅಂಗಡಿ, ಹಿಂದೆ ಒಗೆಯುವ ತೊಟ್ಟಿಗಳು, ನಡುವಿನ ಓಣಿಯಂಥ ಜಾಗದಲ್ಲಿ ಆ ಫಟಫಟಿ. ಯಾರು ಹಾದುಹೋದರೂ ಮೈ ಅಡ್ಡ ಮಾಡಿಕೊಂಡು ಹೋಗಬೇಕು. ಹೋದವರ ಬಟ್ಟೆಗೆ ಎಣ್ಣೆ ಕಲೆ ಗ್ಯಾರಂಟಿ. ದಿನಾ ಬೆಳಗ್ಗೆ ಅತ್ತಿಗೆ, ಅಂದರೆ ಗಂಡನ ಆ ಅಕ್ಕ, ಲಾಡ್ಜುಗಳ ಹಾಸುಬಟ್ಟೆಯ ಗಂಟುಗಳನ್ನು ಹಿಂದೆ ಕಟ್ಟಿಕೊಂಡು ಹೊರಟರೆ ಬೀದಿಗೆ ಬೀದಿಯೇ ಎದ್ದು ಕೂರುತ್ತಿತ್ತು. ಎದುರಿನ ಕ್ಷೌರದಂಗಡಿಯವನು ಬಾಗಿಲಿಗೆ ಬಂದು, "ಅಕ್ಕಾ, ಹುಷಾರು, ಬಿದ್ದೀರಿ," ಎನ್ನುವನು.

"ನಾನು ಬಿದ್ರೆ ಏಳ್ತೀನಿ. ನೀನು ಕತ್ತಿ ಕಡೆ ನೋಡು, ಕುರ್ಚೀಲಿ ಕೂತವನ ಕಿವಿ ಬಿದ್ರೆ ಏಳಲ್ಲ!"

ಆಕೆ ಮಾತಾಡುವುದೇ ಹಾಗೆ. ಮೈಕಟ್ಟು ಮಾತ್ರ ಕಡ್ಡಿ. ಬೆಳಗ್ಗೆ ಲಾಡ್ಜು, ಮಧ್ಯಾಹ್ನ ಆಸ್ಪತ್ರೆ, ಸಂಜೆ ನದಿಯಾಚೆಯ ಹಾಸ್ಟೆಲ್ಲು. ಊರಿನ ಯಾವ ರಸ್ತೆ ಎಲ್ಲಿ ಕಿತ್ತುಹೋಗಿದೆ ಎಂದು ಆಕೆಯ ಸೊಂಟಕ್ಕೆ ಗೊತ್ತಿತ್ತು. ಮನೆಗೆ ಬಂದರೆ ಅರ್ಧ ಊರಿನ ಸುದ್ದಿ ಆಕೆಯ ಹಿಂದೆಯೇ ಬರುತ್ತಿತ್ತು.

ಆ ವರ್ಷ ಬಿಸಿಲು ಬಲಿತ ಹೊತ್ತಿಗೆ ಗಾಡಿಗೆ ರೋಗ ಹಿಡಿಯಿತು. ಹೊರಡುವಾಗ ಕುದುರೆ, ಅರ್ಧ ದಾರಿಗೆ ಕುಂಟು ಕತ್ತೆ. ಎರಡು ಸಿಲಿಂಡರಿನ ಗಾಡಿ ಒಂದರಲ್ಲೇ ಏದುಸಿರು ಬಿಡುತ್ತ ನಿಂತುಬಿಡುತ್ತಿತ್ತು. ಮರದ ನೆರಳಲ್ಲಿ ಆರಲು ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಮತ್ತೆ ಹೊರಡುವುದು. ಲಾಡ್ಜಿನ ಹಾಸುಬಟ್ಟೆ ತಡವಾಗಿ, ಮ್ಯಾನೇಜರ್ ಅಂಗಡಿಗೇ ಬಂದು ಕೂಗಾಡಿ ಹೋದ.

ಗಂಡ ಅಂದೇ ಮಾತು ಮುಗಿಸಿದ. "ಅಕ್ಕಾ, ಶನಿವಾರ ಗುಜರಿಯವನಿಗೆ ಬರ ಹೇಳಿದೀನಿ. ಒಂದು ಸಣ್ಣ ವ್ಯಾನ್ ತಗೋತೀನಿ, ನಾನೇ ಓಡಿಸ್ತೀನಿ. ನೀನು ನೆರಳಲ್ಲಿ ಕೂತು ಕೌಂಟರ್ ನೋಡ್ಕೋ. ಸಾಕಲ್ವಾ ಇಷ್ಟು ವರ್ಷ ಸುತ್ತಿದ್ದು?"

"ಮೂಲೆಗೆ ಕೂರ್ಸೋದನ್ನ ಎಷ್ಟು ಮರ್ಯಾದೆಯಾಗಿ ಹೇಳ್ತೀಯೋ ನೀನು! ಶನಿವಾರದೊಳಗೆ ಗಾಡಿ ಸರಿಹೋದ್ರೆ?"

"ಹೋದ್ರೆ ನಾನು ಬಾಯಿ ಬಿಡಲ್ಲ."

ಗಂಡ ಕೆಟ್ಟವನಲ್ಲ. ಆದರೆ ಕೌಂಟರಿನ ಹಿಂದಿನ ಸ್ಟೂಲಿನಿಂದ ಕಾಣುವುದು ಎದುರಿನ ಗೋಡೆ ಮಾತ್ರ ಎಂಬುದು ಅವನಿಗೆ ಹೊಳೆದಿರಲಿಲ್ಲ. ಅದೇ ಗೋಡೆಯನ್ನು ನೋಡುತ್ತ ಇಸ್ತ್ರಿ ಹಾಕುತ್ತಿದ್ದ ಸೊಸೆಗೆ ಚೆನ್ನಾಗಿ ಗೊತ್ತಿತ್ತು.

ರೋಗ ಕಾಯಿಲ್‌ನಲ್ಲಿದೆ ಎಂದು ಅತ್ತಿಗೆ ಆಗಲೇ ಹಿಡಿದಿದ್ದಳು. ಬ್ಯಾಟರಿಯ ಪುಟ್ಟ ಕರೆಂಟನ್ನು ದೊಡ್ಡದು ಮಾಡಿ ಪ್ಲಗ್ಗಿಗೆ ಕಿಡಿ ಕೊಡುವ ಡಬ್ಬಿ ಅದು. ಆ ಗಾಡಿಗೆ ಎರಡು. ಎಡದ್ದನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಬದಲಿಸಿ ಓಡಿಸಿದಾಗ ಕುಂಟುವ ಕಾಲೂ ಬದಲಾಯಿತು. "ಎರಡೂ ಒಂದೇ ದಿನ ಹುಟ್ಟಿದವು. ಒಂದು ಮಲಗಿದ್ರೆ ಇನ್ನೊಂದು ಹಾಸಿಗೆ ಹಾಸ್ತಾ ಇದೆ ಅಂತಾನೇ ಲೆಕ್ಕ. ಜೋಡಿನೇ ಬೇಕು." ಆದರೆ ಆಕೆಯ ಕೈಯಲ್ಲಿದ್ದದ್ದು ಕಂಪನಿಯ ಹೊಸ ಕಾಯಿಲ್ ಒಂದಕ್ಕೂ ಸಾಲದು. ಉಳಿದದ್ದು ಎರಡೇ ದಾರಿ: ಬಣ್ಣದ ಡಬ್ಬಿಯಲ್ಲಿ ಬರುವ ಅಗ್ಗದ ನಕಲಿ, ಇಲ್ಲವೇ ಮುರಿದ ಗಾಡಿಗಳಿಂದ ಬಿಚ್ಚಿದ ಹಳೆಯದು.

"ಅಂಗಡೀಲಿ ಪರೀಕ್ಷೆ ಮಾಡಿ ಕೊಡಲ್ವಾ ಅತ್ತಿಗೆ?"

"ಮಾಡ್ತಾನೆ. ತಣ್ಣಗಿದ್ದಾಗ ಎಲ್ಲವೂ ಒಳ್ಳೆಯವೇ, ನಿನ್ನ ಗಂಡನ ಹಾಗೆ. ಬಿಸಿ ಆದ್ಮೇಲೆ ತಾನೇ ಬಂಡವಾಳ ಗೊತ್ತಾಗೋದು."

ಸೊಸೆ ಕೈಯಲ್ಲಿದ್ದ ಇಸ್ತ್ರಿ ಪೆಟ್ಟಿಗೆಯನ್ನು ನೋಡಿದಳು. ಅತ್ತಿಗೆಯೂ ನೋಡಿದಳು. ಇಬ್ಬರಿಗೂ ಒಟ್ಟಿಗೇ ನಗು ಬಂತು.

ಹಾಗೆ ಶುಕ್ರವಾರ ಬೆಳಗ್ಗೆ ಸೊಸೆ ಮೊದಲ ಸಲ ಫಟಫಟಿ ಹತ್ತಿದಳು, ತೊಡೆಯ ಮೇಲೆ ತೋಯಿಸಿದ ಗೋಣಿ, ಅದರ ಮೇಲೆ ಉರಿಯುವ ಕೆಂಡದ ಪೆಟ್ಟಿಗೆ. ಗಾಳಿಗೆ ಕೆಂಡ ಕೆರಳಿ ಹಿಂದೆ ಹೊಗೆಯ ಬಾಲ. ಬೀದಿಯವರು ಗಾಡಿಗೆ ಬೆಂಕಿ ಬಿತ್ತೆಂದು ನೀರು ಹಿಡಿದು ಓಡಿಬಂದರು.

ಬಿಡಿಭಾಗದ ಅಂಗಡಿಯವನು ನಾಲ್ಕು ಕಾಯಿಲ್ ಮುಂದಿಟ್ಟ. ಎರಡು ಮಿರಮಿರ ಹೊಳೆಯುವ ನಕಲಿ, ಎರಡು ಕಪ್ಪಗೆ ನೆಗ್ಗಿದ ಹಳೆಯವು. ಒಂದೊಂದನ್ನೇ ಬ್ಯಾಟರಿಗೆ ಸಿಕ್ಕಿಸಿ ಕಿಡಿ ತೋರಿಸಿದ. ನಾಲ್ಕರದೂ ನೀಲಿ ಕಿಡಿ. "ನೋಡಿ, ಹೊಸದು ತಗೊಂಡು ಸುಮ್ನೆ ಹೋಗಿ. ಹೆಂಗಸರಿಗೆ ಹಳೇ ಸಾಮಾನಿನ ಸಹವಾಸ ಯಾಕೆ?"

ಸೊಸೆ ಪೆಟ್ಟಿಗೆಯನ್ನು ಕೌಂಟರಿನ ಮೇಲೆ ಇಟ್ಟಳು.

"ಏನಮ್ಮ ಇದು? ನನ್ನ ಅಂಗಡಿನ ಇಸ್ತ್ರಿ ಮಾಡ್ತೀಯಾ?"

"ಕಾಯಿಲ್‌ನ, ಅಣ್ಣ. ಸುಕ್ಕು ಎಲ್ಲಿದೆ ನೋಡೋಣ ಅಂತ."

"ಸುಟ್ಟುಹೋದ್ರೆ?"

"ಸುಟ್ಟದ್ದಕ್ಕೆ ನಾನು ದುಡ್ಡು ಕೊಡ್ತೀನಿ," ಎಂದಳು ಅತ್ತಿಗೆ. ಸುಟ್ಟರೆ ದುಡ್ಡು ಅದಕ್ಕೇ ಹೋಯಿತು, ಶನಿವಾರ ಗಾಡಿಯೂ ಹೋಯಿತು. ಆಕೆ ಎಂಜಿನ್ ಪಕ್ಕದಲ್ಲಿ ಕಾಯಿಲ್ ಎಷ್ಟು ಕಾಯುತ್ತದೆಂದು ಕೈಯಲ್ಲೇ ಅಳೆದಿದ್ದಳು; ಆ ಬಿಸಿಯನ್ನು ಪೆಟ್ಟಿಗೆಯಲ್ಲಿ ತರುವುದು ಸೊಸೆಯ ಕೆಲಸ. ಸೊಸೆ ಅರ್ಧ ಕೆಂಡ ತೆಗೆದು ಬೂದಿ ಮುಚ್ಚಿದಳು. ಬೆರಳು ಅದ್ದಿ ಒಂದು ಹನಿ ನೀರು ಬಿಟ್ಟಳು. ಚುಂಯ್ ಎಂದು ನೆಗೆಯಿತು. ಇದು ಹತ್ತಿಬಟ್ಟೆಯ ಬಿಸಿ, ಬೇಡ. ಕಾದಳು. ಮತ್ತೊಂದು ಹನಿ ನಿಧಾನ ಕುದಿಯಿತು. ರೇಷ್ಮೆಯ ಬಿಸಿ, ಇನ್ನೂ ಹೆಚ್ಚು. ಅಂಗಡಿಯವನು ಆಕಳಿಸಿದ. ಕೊನೆಗೆ ಒಂದು ಹನಿ ಕೂತಲ್ಲೇ ಕೂತು ಸದ್ದಿಲ್ಲದೆ ಆರಿತು. ಆಗ ಬಟ್ಟೆ ಸುತ್ತಿ ಕಾಯಿಲ್‌ಗಳನ್ನು ಅದರ ಮೇಲೆ ಮಲಗಿಸಿದಳು, ಕೂಸು ಮಲಗಿಸುವ ಹಾಗೆ ಆಗಾಗ ಮಗ್ಗುಲು ಬದಲಿಸಿದಳು.

ಹೊಳೆಯುವ ಮೊದಲನೆಯದು ಬಿಸಿಯಾದ ಮೇಲೆ ಹಳದಿ ಕಿಡಿ ಬಿಟ್ಟು ತಡವರಿಸಿತು. ಎರಡನೆಯದು ಏನನ್ನೂ ಬಿಡಲಿಲ್ಲ. ನೆಗ್ಗಿದ ಮುದಿಯರಿಬ್ಬರೂ ಚಟ್ ಚಟ್ ಎಂದು ನೀಲಿಯಾಗಿ ಉಗಿದರು.

"ಹಳೇದೇ ಕೊಡಪ್ಪ," ಎಂದಳು ಅತ್ತಿಗೆ. "ಹೆಂಗಸರಿಗೆ ಅದರ ಸಹವಾಸ ಚೆನ್ನಾಗಿ ಆಗತ್ತೆ."

ಸಂಜೆಯವರೆಗೆ ಬಿಸಿಲಲ್ಲೇ ಊರು ಸುತ್ತಿದರು. ಗಾಡಿ ಎಲ್ಲೂ ಕುಂಟಲಿಲ್ಲ. ಶನಿವಾರ ಗುಜರಿಯವನು ಬಂದಾಗ, "ಬಂದವನು ಬರಿಗೈಲಿ ಹೋಗಬಾರದು," ಎಂದು ಅತ್ತಿಗೆ ಗಾಡಿಯಿಂದ ಬಿಚ್ಚಿದ ಕಾಯಿಲ್ ಎರಡನ್ನೂ ಅವನ ತಕ್ಕಡಿಗೆ ಹಾಕಿದಳು. ಗಂಡ ಮಾತು ಕೊಟ್ಟಂತೆ ಬಾಯಿ ಬಿಡಲಿಲ್ಲ. ಬಿಟ್ಟದ್ದು ಮುಂದಿನ ತಿಂಗಳು, ಹಿತ್ತಲಿನಾಚೆಯ ಬಯಲಲ್ಲಿ ಹೆಂಡತಿ ಹ್ಯಾಂಡಲ್ ಹಿಡಿದದ್ದನ್ನು ಕಂಡಾಗ. "ಒಬ್ಬಳು ಸಾಲದು ಅಂತ ಇನ್ನೊಬ್ಬಳಾ!"

"ಅದಕ್ಕೂ ಎರಡು ಸಿಲಿಂಡರ್ ಕಣೋ," ಎಂದಳು ಅತ್ತಿಗೆ.

ವರ್ಷಗಳು ಉರುಳಿದವು. ಮೊದಲು ಗಂಡ ಹೋದ. ಅತ್ತಿಗೆಯ ಮೊಣಕಾಲು ಕಿಕ್ ಹೊಡೆಯದಾದ ಮೇಲೆ ಸುತ್ತುವ ಕೆಲಸವೆಲ್ಲ ಸೊಸೆಯದಾಯಿತು. ಕೌಂಟರಿನಲ್ಲಿ ಕೂರಲು ಮಾತ್ರ ಅತ್ತಿಗೆ ಒಪ್ಪಲೇ ಇಲ್ಲ. ಸ್ಟೂಲನ್ನು ಬೀದಿಗೆ ಎಳೆದು ಹಾಕಿಸಿಕೊಂಡು ಹೋಗಿ ಬರುವವರನ್ನೆಲ್ಲ ಮಾತಾಡಿಸುತ್ತಿದ್ದಳು.

ಒಂದು ಬೆಳಗ್ಗೆ ಆಕೆಗೆ ಉಸಿರು ಸಿಕ್ಕಿಕೊಳ್ಳತೊಡಗಿತು. ನೆರೆಯವರು ಕಾರು ತಂದು ನಿಲ್ಲಿಸಿದರು, ಹಿಂದಿನ ಸೀಟಿನ ಮೇಲೆ ದಿಂಬು ಜೋಡಿಸಿದರು. ಆಸ್ಪತ್ರೆ ಸೇರಿದ ಮೇಲೆ ಆಕೆಗೆ ಮಾತು ಬರಲಿಲ್ಲ. ಹಾಗಾಗಿ ಹೊರಡುವ ಮುಂಚೆ ಮನೆಯ ಮಂಚದ ಅಂಚಿನಲ್ಲಿ ಕೂತು, ಕೂದಲು ಬಿಗಿದು ಕಟ್ಟಿಕೊಳ್ಳುತ್ತ ಸೊಸೆಗೆ ಹೇಳಿದ್ದೇ ಕೊನೆಯ ಮಾತು.

"ಕಾರು ವಾಪಸ್ ಕಳಿಸೇ. ನಾನೇನು ಬಟ್ಟೆ ಗಂಟಾ, ಮಲಗಿಸ್ಕೊಂಡು ಹೋಗೋಕೆ? ಗಾಡಿ ತೆಗಿ, ಹಿಂದೆ ಕೂತ್ಕೋತೀನಿ. ಮೆಲ್ಲಗೆ ಓಡ್ಸಿದ್ಯೋ, ಇಳಿದು ನಡ್ಕೊಂಡು ಹೋಗ್ತೀನಿ."