ಥೀಯಾದೇವಿಯೂ ಡಾಕ್ಟರು ಹೇಳಿದ ದೀಪವೂ

ದೀಪ ಹೊತ್ತಿದ ಕೂಡಲೇ ಕಣ್ಣು ಮುಚ್ಚಿ ಕೈ ಮುಗಿಯುವುದು ನನಗೆ ಹುಟ್ಟಿನಿಂದ ಬಂದ ಚಾಳಿ. ಹಣತೆಯೇ ಆಗಬೇಕೆಂದಿಲ್ಲ, ಟ್ಯೂಬ್‌ಲೈಟಾದರೂ ಆದೀತು. ನಿದ್ದೆಗಣ್ಣಿನಲ್ಲಿ ಒಮ್ಮೆ ಫ್ರಿಜ್ಜಿನೊಳಗಿನ ಬಲ್ಬಿಗೂ ಮುಗಿದಿದ್ದೇನೆ. ಈ ಭಕ್ತಿಯೇ ನನ್ನ ಚಿಕಿತ್ಸೆಗೆ ಅಡ್ಡಗಾಲು ಹಾಕೀತೆಂದು ಯಾರಿಗೆ ಗೊತ್ತಿತ್ತು.

ಈ ಪರದೇಶದ ನೇಪರ್‌ವಿಲ್‌ನ ಚಳಿಗಾಲದಲ್ಲಿ ಸಂಜೆ ನಾಲ್ಕೂವರೆಗೇ ಕತ್ತಲು. ಅಕ್ಕ ತೀರಿಕೊಂಡ ವರ್ಷ ನನ್ನೊಳಗೂ ಹಾಗೇ ಆಯಿತು. ಮಲಗಿದರೆ ಏಳಲು ಮನಸ್ಸಿಲ್ಲ, ಎದ್ದರೆ ಕೂರಲು ಮನಸ್ಸಿಲ್ಲ. ಅಡುಗೆಮನೆಯಿಂದ ಗರಾಜಿಗೆ, ಗರಾಜಿನಿಂದ ಅಡುಗೆಮನೆಗೆ ಸುಮ್ಮನೆ ಅಲೆಯುತ್ತಿದ್ದೆ. ಮನಸ್ಸಿನ ಮಂಕಿಗೆ ಬೆಳಕೇ ಮದ್ದೆಂದು ಡಾಕ್ಟರು ಪ್ರಖರವಾದ ಒಂದು ದೀಪ ತರಿಸಿಕೊಳ್ಳಲು ಹೇಳಿ, ಬೆಳಿಗ್ಗೆ ಅದರ ಮುಂದೆ ಅರ್ಧ ಗಂಟೆ ಕೂರಬೇಕೆಂದರು.

ಲೈಬ್ರರಿಯಲ್ಲಿ ನನ್ನಂಥವರ ಗುಂಪೊಂದು ಸೇರುತ್ತಿತ್ತು. ಅದನ್ನು ನಡೆಸುವಾಕೆ, ಪ್ರಾಚೀನ ಗ್ರೀಕರ ಬೆಳಕಿನ ದೇವಿಯರಲ್ಲಿ ಒಬ್ಬಳನ್ನು ನೆನೆಯಿರಿ, ಮನಸ್ಸು ಗುಣವಾಗುತ್ತದೆ ಎಂದಳು. ಮುಕ್ಕೋಟಿ ದೇವತೆಗಳಿರುವವಳಿಗೆ ಇನ್ನೊಬ್ಬಳು ಭಾರವೇ? ನಮ್ಮ ಉಷೆಯ ದೂರದ ನೆಂಟಳಾದ ಇಯೋಸ್‌ಳನ್ನು ಹಿಡಿದೆ. ಅವಳು ಜಗತ್ತಿಗಿಂತ ಮೊದಲು ಏಳುವವಳು, ನನಗೆ ಒಗ್ಗಲಿಲ್ಲ. ಚಂದ್ರದೇವಿ ಸೆಲೀನಿ ದಿನಕ್ಕೊಂದು ಆಕಾರದವಳು. ಅಂಥವಳು ಮನೆಗೆ ನಾನೊಬ್ಬಳೇ ಸಾಕು. ಕೊನೆಗೆ ಅವರಿಬ್ಬರ ತಾಯಿ ಥೀಯಾ ಸಿಕ್ಕಳು. ಬೆಳಕಿಗೂ ಕಣ್ಣಿನ ನೋಟಕ್ಕೂ ಅವಳೊಬ್ಬಳೇ ಒಡತಿಯಂತೆ.

ಸರಿ, ದಿನಾ ದೀಪ ಹಾಕಿ, ಕೈ ಮುಗಿದು, ಕಣ್ಣು ಮುಚ್ಚಿ ಕೂತೆ. ಥೀಯಾ ಬರಲಿಲ್ಲ, ಅಕ್ಕನ ಆಸ್ಪತ್ರೆಯ ಮಂಚ ಬರುತ್ತಿತ್ತು. ಜನವರಿ ಕಳೆಯಿತು. ಇದೂ ನಾಟದಿದ್ದರೆ ನಾನು ಹೀಗೇ ಉಳಿದುಬಿಡುತ್ತೇನೆಂದು ಹೆದರಿಕೆಯಾಯಿತು.

ಒಂದು ಬೆಳಿಗ್ಗೆ, ಹೈಸ್ಕೂಲಿನಲ್ಲಿ ಓದುವ ಮಗಳು ಅನಘಾಳ ದನಿ ಎದುರಿನಿಂದಲೇ ಕೇಳಿತು.

"ಅಮ್ಮಾ, ಕೀಪ್ ಯುವರ್ ಐಸ್ ಓಪನ್. ಅದರ್‌ವೈಸ್ ಇಟ್ ವೋಂಟ್ ವರ್ಕ್."

"ದೇವ್ರ ಮುಂದೆ ಕಣ್ ಬಿಟ್ಕೊಂಡು ಕೂತ್ಕೋತಾರೇನೇ?"

"ಅಮ್ಮಾ, ಇಟ್ಸ್ ಎ ಲ್ಯಾಂಪ್."

ಈ ಬೆಳಕು ಕಣ್ಣಿನ ಮೂಲಕವೇ ಒಳಗಿಳಿಯಬೇಕಂತೆ. ದೀಪ ಹಾಕಿ ಕಣ್ಣು ಮುಚ್ಚುವ ಜನವೂ ಇದ್ದಾರೆಂದು ಪಾಪ, ಡಾಕ್ಟರಿಗೇನು ಗೊತ್ತು. ನಾಚಿಕೊಂಡು ಕಣ್ಣು ತೆರೆದೆ. ಹಾಲು ಹಾಕಿದ ಸೀರಿಯಲ್ ಬಟ್ಟಲು ಹಿಡಿದು ಎದುರಿಗೆ ಕೂತಿದ್ದ ಹುಡುಗಿ ಸೊರಗಿದ್ದಳು. ದಿನಾ ಇಲ್ಲೇ ಕೂರುತ್ತೀಯಾ ಎಂದು ಕೇಳಿದೆ.

"ಎವ್ರಿ ಡೇ. ಯು ನೆವರ್ ಲುಕ್ಡ್," ಎಂದಳು.

ನನಗೆ ಅಳು ಬಂತು. ಬಹಳ ದಿನದ ಮೇಲೆ, ಅಕ್ಕನಿಗಾಗಿ ಅಲ್ಲದ ಅಳು.

ಈಗ ಮೇಲಾಗಿದ್ದೇನೆ, ದೀಪ ನಾಟಿತು ಎನ್ನುತ್ತಾರೆ ಡಾಕ್ಟರು. ಇರಬಹುದು. ನೋಟದ ದೇವಿಯನ್ನು ಕಣ್ಣು ಮುಚ್ಚಿ ಕರೆದರೆ ಅವಳಾದರೂ ಹೇಗೆ ಬಂದಾಳು? ನಾನಂತೂ ಬೆಳಿಗ್ಗೆ ದೀಪ ಹಾಕಿ ಮಗಳ ಮುಖ ನೋಡುತ್ತಾ ಕೂರುತ್ತೇನೆ. ಹಾಗೆ ನೋಡಬೇಡ, ಕ್ರೀಪಿ ಎಂದು ಗೊಣಗುತ್ತಾಳೆ. ಆದರೆ ಕುರ್ಚಿ ಬದಲಿಸುವುದಿಲ್ಲ.